ಪುಟ್ಟನಿಗೆ, ಮಾರ್ಟಿನ್ಸ್‌ವಿಲ್ ರೇಸ್ ಬಗ್ಗೆ

ಮೈಸೂರು
ಏಪ್ರಿಲ್ 2023

ಚಿರಂಜೀವಿ ಪುಟ್ಟನಿಗೆ ನಿನ್ನ ಮಾವ ಮಾಡುವ ಆಶೀರ್ವಾದಗಳು.

ನಿನ್ನ ಕಾಗದ ಎರಡು ಸಲ ಓದಿದೆ. ಮನೆ ಸುದ್ದಿಯೆಲ್ಲ ನಿಮ್ಮಮ್ಮ ಫೋನಿನಲ್ಲಿ ಹೇಳಿರುತ್ತಾಳೆ, ಅದು ಬಿಡು. ನೀವೆಲ್ಲ ಮಾರ್ಟಿನ್ಸ್‌ವಿಲ್‌ಗೆ ಹೋಗಿ ಅಮೆರಿಕದ ನ್ಯಾಸ್ಕಾರ್ ಕಾರ್ ರೇಸ್ ನೋಡಿದ್ದು, ಷಾರ್ಲಟ್‌ಗೆ ವಾಪಸ್ ಬರುವಾಗ ಕಾರಿನಲ್ಲಿ ಟೈ ಗಿಬ್ಸ್ ಅನ್ನೋ ರೇಸರ್ ಹುಡುಗನ ವಿಷಯಕ್ಕೆ ನಿನಗೂ ನಿನ್ನ ಸ್ನೇಹಿತನಿಗೂ ಜಗಳ ಆಗಿದ್ದು, ಎಲ್ಲ ಖುಷಿಯಾಗಿಯೇ ಓದಿದೆ. ಕೊನೆಯಲ್ಲಿ ಒಂದು ಸಾಲು ಬರೆದಿದ್ದೀಯ. "ಮುಂದಿರುವವನ ಗತಿ ಏನಾಗುತ್ತೋ ಅಂತ ಯೋಚಿಸ್ತಾ ಕೂತ್ರೆ ಗೆಲ್ಲೋಕಾಗಲ್ಲ ಮಾವ, ಆಫೀಸಿನಲ್ಲಿ ನಾನೂ ಇನ್ಮೇಲೆ ಹಾಗೇ." ಅದನ್ನ ಓದಿದ ಮೇಲೆ ರಾತ್ರಿ ನಿದ್ದೆ ಹತ್ತಲಿಲ್ಲ.

ಆ ಹುಡುಗ ಸೊಕ್ಕಿನವನೋ ಛಲದವನೋ, ಅದು ನನ್ನ ಚಿಂತೆ ಅಲ್ಲ. ಹೋದ ಅಕ್ಟೋಬರ್‌ನಲ್ಲಿ ಅದೇ ಮಾರ್ಟಿನ್ಸ್‌ವಿಲ್‌ನಲ್ಲಿ, ಎಕ್ಸ್‌ಫಿನಿಟಿ ಅನ್ನೋ ಎರಡನೇ ದರ್ಜೆಯ ಸರಣಿಯ ರೇಸಿನ ಕೊನೆ ಸುತ್ತಿನಲ್ಲಿ ಬ್ರ್ಯಾಂಡನ್ ಜೋನ್ಸ್‌ಗೆ ಹಿಂದಿನಿಂದ ಗುದ್ದಿ ಗೆದ್ದ. ಜೋನ್ಸ್ ಅವನದೇ ತಂಡದವನು. ಅವತ್ತು ಗೆದ್ದಿದ್ದರೆ ಚಾಂಪಿಯನ್‌ಶಿಪ್ ರೇಸಿಗೆ ಹೋಗುತ್ತಿದ್ದ. ನಿನ್ನ ಸ್ನೇಹಿತ ಹೇಳುವುದು, ತಂಡ ತಾತ ಜೋ ಗಿಬ್ಸ್‌ದು, ಅದಕ್ಕೇ ಇವನಿಗೆ ಈ ಧೈರ್ಯ ಅಂತ. ನೀನು ಹೇಳುವುದು, ಇದನ್ನೇ ಹಿಂದಿನ ಕಾಲದ ದೊಡ್ಡ ರೇಸರ್ ಡೇಲ್ ಅರ್ನ್‌ಹಾರ್ಟ್ ಮಾಡಿದಾಗ ಜನ ಪೂಜೆ ಮಾಡಿದರು, ಈ ಹುಡುಗ ಮಾಡಿದರೆ ಮಾತ್ರ ತಪ್ಪಾ ಅಂತ. ಇಬ್ಬರ ಮಾತಲ್ಲೂ ನಿಜ ಇದೆ.

ಆದರೆ ಪೂಜೆ ಮಾಡಿದ್ದನ್ನಷ್ಟೇ ನೀನು ಕೇಳಿದ್ದೀಯ. ನಾನಾಗ ನಿಮ್ಮ ಷಾರ್ಲಟ್ ಹತ್ತಿರದ ಕಾಂಕಾರ್ಡ್‌ನಲ್ಲಿದ್ದೆ. ಪಕ್ಕದ ಕನ್ನಾಪೊಲಿಸ್ ಅರ್ನ್‌ಹಾರ್ಟ್‌ನ ಹುಟ್ಟೂರು. ಹೋದ ಹೊಸತರಲ್ಲಿ ಬೋರ್ಡಿನ ಮೇಲೆ ಆ ಹೆಸರು ನೋಡಿ, ನಮ್ಮ ಕನ್ನಡದ್ದೇ ಏನೋ ಅನ್ನಿಸಿ ಮನಸ್ಸು ತುಂಬಿ ಬಂದಿತ್ತು. 1999ರ ಆಗಸ್ಟ್‌ನಲ್ಲಿ ಬ್ರಿಸ್ಟಲ್ ರಾತ್ರಿ ರೇಸ್ ಟಿವಿಯಲ್ಲಿ ನೋಡಿದೆ. ಕೊನೆ ಸುತ್ತಿನಲ್ಲಿ ಟೆರಿ ಲಬಾಂಟಿಯ ಕಾರಿಗೆ ಹಿಂದಿನಿಂದ ತಾಗಿಸಿ, ಅದು ಗಿರ್ರನೆ ತಿರುಗಿದ ಮೇಲೆ ಅರ್ನ್‌ಹಾರ್ಟ್ ಗೆದ್ದ. ಹೊಸಬನಾಗಿದ್ದಾಗ, 1979ರಲ್ಲಿ, ಮೊದಲ ಸಲ ಗೆದ್ದ ಟ್ರ್ಯಾಕೂ ಅದೇ. ಅಂಥ ಕಡೆಯೇ ಆ ರಾತ್ರಿ ಜನ ಎದ್ದು ನಿಂತು ಬೂ ಅಂದರು. ತಿರುಗಿಸಬೇಕು ಅಂತ ಇರಲಿಲ್ಲ, ಸ್ವಲ್ಪ ಅಲುಗಿಸೋಣ ಅಂತಿದ್ದೆ, ಅನ್ನೋ ಅರ್ಥದ ಮಾತು ಅವನು ಆಡಿದ.

ಪುಟ್ಟಾ, ನಾನೂ ಅಲುಗಿಸೋಣ ಅಂತಲೇ ಅಂದುಕೊಂಡಿದ್ದೆ.

ಇದನ್ನ ನಿಮ್ಮಮ್ಮನಿಗೂ ಪೂರ್ತಿ ಹೇಳಿಲ್ಲ. 1984. ನನ್ನ ಹತ್ತಿರ ಯೆಜ್ಡಿ ಇತ್ತು, ನನ್ನ ಗೆಳೆಯನ ಹತ್ತಿರವೂ ಯೆಜ್ಡಿ. ಬೆಳಗ್ಗೆ ಆರಕ್ಕೆಲ್ಲ ಚಾಮುಂಡಿ ಬೆಟ್ಟ ಹತ್ತುತ್ತಿದ್ದೆವು, ಯಾರು ಮೊದಲು ಅಂತ. ಆವತ್ತು ಒಂದು ತಿರುವಿನಲ್ಲಿ ಅವನು ದಾರಿ ಬಿಡಲಿಲ್ಲ. ನಾನು ಒಳಗಿನಿಂದ ನುಗ್ಗಿ ಮೊಣಕೈಯಿಂದ ಒಂದು ಸಲ ತಳ್ಳಿದೆ. ಜೋರಾಗೇನೂ ಅಲ್ಲ. ಮೇಲೆ ಹೋಗಿ ನಿಂತೆ, ಗೆದ್ದೆ ಅಂತ. ಐದು ನಿಮಿಷ ಆಯಿತು, ಹತ್ತು ನಿಮಿಷ ಆಯಿತು, ಅವನ ಬಂಡಿಯ ಸದ್ದು ಬರಲಿಲ್ಲ. ಇಳಿದು ಬಂದು ನೋಡಿದರೆ ಚರಂಡಿ ಪಕ್ಕ ಕೂತಿದ್ದ. ಬಲಗಾಲು ಮಂಡಿಯ ಕೆಳಗೆ ಬೇರೆ ದಿಕ್ಕಿಗೆ ತಿರುಗಿತ್ತು. ಹ್ಯಾಂಡಲ್‌ನ ಕಪ್ಪು ರಬ್ಬರ್ ಹಿಡಿ ಕಿತ್ತು ಬಂದಿತ್ತು. ಅದನ್ನ ಕೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡೇ ಇದ್ದ, ಆಸ್ಪತ್ರೆ ಮುಟ್ಟುವ ತನಕ ಬಿಡಲಿಲ್ಲ.

ಅವರಮ್ಮ ಕೇಳಿದರು, ಹೇಗಾಯ್ತಪ್ಪ ಅಂತ. ಮರಳಿತ್ತು, ಜಾರಿದ, ಅಂದೆ. ಅವನು ಪಕ್ಕದಲ್ಲೇ ಮಲಗಿದ್ದ. ಸುಮ್ನೆ ನನ್ನ ಮುಖ ನೋಡಿದ, ಒಂದು ಮಾತಾಡಲಿಲ್ಲ. ಆಮೇಲೂ ಮಾತಾಡಲಿಲ್ಲ.

ರೇಸಿನವರಿಗೆ ಇನ್ನೊಂದು ವಾರ ಇರುತ್ತದೆ. 2015ರಲ್ಲಿ ಕ್ಯಾನ್ಸಸ್‌ನಲ್ಲಿ ಜೋಯಿ ಲೊಗಾನೊ, ಮುಂದಿದ್ದ ಮ್ಯಾಟ್ ಕೆನ್ಸೆತ್‌ನನ್ನು ತಿರುಗಿಸಿದ. ಎರಡೇ ವಾರಕ್ಕೆ ಮಾರ್ಟಿನ್ಸ್‌ವಿಲ್‌ನಲ್ಲಿ, ತಾನು ಸುತ್ತುಗಟ್ಟಲೆ ಹಿಂದಿದ್ದರೂ ಕೆನ್ಸೆತ್ ಕಾದು ಲೊಗಾನೊನನ್ನು ಗೋಡೆಗೆ ಹಾಕಿದ. ಎರಡು ರೇಸ್ ಅಮಾನತೂ ಆಯಿತು. ಅದು ಸರಿ ಅಂತ ನಾನು ಹೇಳುತ್ತಿಲ್ಲ. ಆದರೆ ಅಲ್ಲಿ ಲೆಕ್ಕ ಎದುರಾಎದುರೇ ಚುಕ್ತಾ ಆಗುತ್ತದೆ. ನನ್ನ ಗೆಳೆಯ ಒಂದು ಸಲ ನನಗೆ ಬಾರಿಸಿದ್ದರೆ ಎಷ್ಟೋ ಸಮಾಧಾನ ಆಗುತ್ತಿತ್ತು. ನಿನ್ನ ಆಫೀಸಿನಲ್ಲೂ ಅಷ್ಟೇ, ನೀನು ತಳ್ಳಿದವನು ತಿರುಗಿ ತಳ್ಳುವುದಿಲ್ಲ. ಸುಮ್ಮನಾಗುತ್ತಾನೆ. ನೀನು ಮೇಲೆ ನಿಂತಿರುತ್ತೀಯ, ಹಿಂದೆ ಸದ್ದು ಬರುವುದಿಲ್ಲ. ನನ್ನ ಭಯ ಇದೇ.

ಗುದ್ದುವುದು ಕಷ್ಟ ಅಲ್ಲ ಕಣೋ. ಒಂದೂವರೆ ಸಾವಿರ ಕಿಲೋ ತೂಗುವ ಕಾರು. ತಿರುವಿಗೆ ಬ್ರೇಕ್ ಹಾಕುವಾಗ ಹಿಂದಿನ ಬಂಪರ್‌ಗೆ ಚೂರು ತಾಗಿದರೂ ಹಿಂದಿನ ಚಕ್ರ ಹಿಡಿತ ಬಿಡುತ್ತದೆ. ಅಲುಗುವುದಕ್ಕೂ ತಿರುಗುವುದಕ್ಕೂ ಕೂದಲೆಳೆಯ ಅಂತರ. ಆ ಅಂತರ ಕೈಗೆ ಸಿಕ್ಕಿದೆ ಅಂತ 20 ವರ್ಷದವನಿಗೆ ಅನ್ನಿಸುತ್ತದೆ. ನನಗೆ 22 ಆಗಿತ್ತು.

ಗಿಬ್ಸ್ ಆ ವಾರವೇ ತಪ್ಪಾಯಿತು ಅಂದ. ಮುಂದಿನ ಶನಿವಾರ ಫೀನಿಕ್ಸ್‌ನಲ್ಲಿ ಚಾಂಪಿಯನ್ ಆದ, ಜನ ಆಗಲೂ ಬೂ ಅಂದರು. ಅದೇ ರಾತ್ರಿ ಅವನ ಅಪ್ಪ ಕೋಯ್ ಗಿಬ್ಸ್ ಮಲಗಿದಲ್ಲೇ ತೀರಿಕೊಂಡರು. 49 ವರ್ಷ. ನಿನ್ನ ಸ್ನೇಹಿತನಿಗೆ ಇದನ್ನೂ ಹೇಳು. ಆ ಹುಡುಗನನ್ನ ಅಷ್ಟು ಬಯ್ಯಬೇಡಿ. ತಪ್ಪಾಯಿತು ಅನ್ನೋಕೆ ಅವನಿಗೆ ಒಂದು ವಾರವೂ ಬೇಕಾಗಲಿಲ್ಲ. ನಾನು ಇನ್ನೂ ಅಂದಿಲ್ಲ. ಕಾಂಕಾರ್ಡ್‌ನಿಂದ ರಜೆಗೆ ಬಂದಾಗಲೆಲ್ಲ ಅವರ ಬೀದಿ ತನಕ ಹೋಗಿ ತಿರುಗಿ ಬರುತ್ತಿದ್ದೆ. ಈಗ ಆ ಮನೆಯಲ್ಲಿ ಬೇರೆಯವರಿದ್ದಾರೆ.

ಹಾಗಂತ ಆಫೀಸಿನಲ್ಲಿ ಹಿಂದೆಯೇ ಇರು ಅಂತ ಅಲ್ಲ. ಕೆಲಸಕ್ಕೆ ಮುಂದೆ ನುಗ್ಗು, ಜಾಗ ಕೇಳಿ ತಗೋ. ಹೇಗೆ ಅಂತ ನನ್ನನ್ನ ಕೇಳಿದರೆ ಸರಿಯಾಗಿ ಹೇಳಲು ಬರುವುದಿಲ್ಲ, ನಾನೇ ಮಾಡಲಿಲ್ಲವಲ್ಲ. ಯಾರನ್ನಾದರೂ ದಾಟಿ ಹೋದ ದಿನ, ಅವರ ಮೇಜಿನ ಹತ್ತಿರ ಹೋಗಿ ಎರಡು ಮಾತಾಡು, ಅಷ್ಟು ಸಾಕೇನೋ. ಮತ್ತೆ, ರಾತ್ರಿ ಹೊತ್ತು ಹೈವೇಯಲ್ಲಿ ಜಗಳ ಆಡ್ತಾ ಕಾರು ಓಡಿಸಬೇಡಿ.

ಒಂದು ವಿಷಯ ನೀನು ಬರೆಯಲೇ ಇಲ್ಲ. ಆ ಸ್ನೇಹಿತ ಅರ್ಧ ದಾರಿಯಿಂದ ಮಾತು ಬಿಟ್ಟು ಕಿಟಕಿ ಕಡೆ ತಿರುಗಿ ಕೂತ ಅಂದೆಯಲ್ಲ, ಆಮೇಲೆ ಅವನಿಗೆ ಫೋನ್ ಮಾಡಿದೆಯಾ? ಮಾಡಿ ಬರಿ. ಕಾಯುತ್ತಿರುತ್ತೇನೆ.

ನಿನ್ನ ಮಾವ