ಆಟದ ಹೆಸರಿನ ಜತೆಗೆ ಇಸವಿ, ದೇಶಗಳನ್ನೂ ಅಚ್ಚು ಹಾಕಿ

ಸಂಪಾದಕರಿಗೆ,

ಮಾನ್ಯರೇ,

ಕಳೆದ ಭಾನುವಾರದ ತಮ್ಮ ಪುರವಣಿಯಲ್ಲಿ ಮಾರಿಯೊ ಮತ್ತು ಅಂಥ ಇತರ ವಿಡಿಯೊ ಗೇಮ್‌ಗಳ ಅಭಿಮಾನಿಗಳ ವಾದವಿವಾದಗಳನ್ನು ಕುರಿತು ಪ್ರಕಟವಾದ ಲೇಖನವನ್ನು ಓದಿದೆ. ಮೈಸೂರಿನ ಕಾಲೇಜು ಹುಡುಗರು ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಕುಳಿತು, ಮಾರಿಯೊ ಆಟಗಳ ಖಳನಾಯಕ ಬೌಸರನಿಗೆ ಮಕ್ಕಳೆಷ್ಟು, ಅವನು ಎತ್ತಿಕೊಂಡು ಹೋಗುವ ರಾಜಕುಮಾರಿಯ ನಿಜವಾದ ಹೆಸರೇನು ಎಂದು ಗಂಟೆಗಟ್ಟಲೆ ಚರ್ಚಿಸುವುದನ್ನು ಲೇಖಕರು ಹಾಸ್ಯದ ಧಾಟಿಯಲ್ಲಿ ವರ್ಣಿಸಿ, ಕೊನೆಗೆ ಈ ಕತೆಗಳನ್ನೆಲ್ಲ ಕಂಪನಿಯವರು ಮನಸ್ಸಿಗೆ ಬಂದಂತೆ ಹೊಸೆದಿದ್ದಾರೆ, ಅವುಗಳಲ್ಲಿ ಸುಸಂಬದ್ಧತೆಯನ್ನು ಹುಡುಕುವುದು ವ್ಯರ್ಥ ಎಂಬ ತೀರ್ಪು ಕೊಟ್ಟಿದ್ದಾರೆ. ಹಾಸ್ಯದ ಬಗ್ಗೆ ನನ್ನ ತಕರಾರಿಲ್ಲ. ಅಂಥ ಗುಂಪುಗಳಲ್ಲಿ ವಯಸ್ಸು ಮೀರಿದ ನಾನೂ ಆಗೊಮ್ಮೆ ಈಗೊಮ್ಮೆ ಕೂರುವುದುಂಟು, ಅಲ್ಲಿ ನಗುವಿಗೆ ಬರವಿಲ್ಲ. ನನ್ನ ಆಕ್ಷೇಪವಿರುವುದು ತೀರ್ಪಿನ ಬಗ್ಗೆ. ಲೇಖಕರು ಗೊಂದಲವೆಂದು ಕರೆದಿರುವುದರಲ್ಲಿ ಬಹುಪಾಲು, ಯಾವ ಮಾತು ಯಾವ ದೇಶದ ಯಾವ ವರ್ಷದ ಆವೃತ್ತಿಗೆ ಸೇರಿದ್ದೆಂದು ಬಿಡಿಸಿ ನೋಡಿದರೆ ತಾನಾಗಿಯೇ ಕರಗುತ್ತದೆ. ಉಳಿಯುವ ಸ್ವಲ್ಪ ಭಾಗವೇ ನಿಜವಾದ ಚರ್ಚೆಗೆ ಯೋಗ್ಯವಾದದ್ದು.

ಬೌಸರನ ಮಕ್ಕಳ ವಿಚಾರವನ್ನೇ ನೋಡಿ. ಲ್ಯಾರಿ, ಮಾರ್ಟನ್, ವೆಂಡಿ, ಇಗ್ಗಿ, ರಾಯ್, ಲೆಮ್ಮಿ, ಲುಡ್ವಿಗ್ ಎಂಬ, ಬೌಸರನ ಪರವಾಗಿ ಕಾದಾಡುವ ಏಳು ಕೂಪಲಿಂಗ್‌ಗಳು ಅವನ ಮಕ್ಕಳಲ್ಲ, ಮಕ್ಕಳೆಂದು ವಾದಿಸುವವರಿಗೆ ಆಟವೇ ಗೊತ್ತಿಲ್ಲ ಎಂದು ಲೇಖನ ಹೇಳುತ್ತದೆ. ಈ ಏಳು ಮಂದಿ ಮೊದಲು ಕಾಣಿಸಿಕೊಂಡದ್ದು ಜಪಾನಿನಲ್ಲಿ 1988ರಲ್ಲಿ, ಅಮೆರಿಕದಲ್ಲಿ 1990ರಲ್ಲಿ ಬಿಡುಗಡೆಯಾದ ಸೂಪರ್ ಮಾರಿಯೊ ಬ್ರದರ್ಸ್ 3ರಲ್ಲಿ. ಆ ಆಟದೊಂದಿಗೆ ಅಮೆರಿಕದಲ್ಲಿ ಕೊಟ್ಟ ಕೈಪಿಡಿ ಅವರನ್ನು ಬೌಸರನ ಮಕ್ಕಳೆಂದೇ ಕರೆಯುತ್ತದೆ. 2002ರ ಸೂಪರ್ ಮಾರಿಯೊ ಸನ್‌ಶೈನ್‌ನಲ್ಲಿ ಬೌಸರ್ ಜೂನಿಯರ್ ಎಂಬ ಮಗ ಬಂದ. 2009ರ ನ್ಯೂ ಸೂಪರ್ ಮಾರಿಯೊ ಬ್ರದರ್ಸ್ ವೀ ಆಟದಲ್ಲಿ ಈ ಮಗನೂ ಹಳೆಯ ಏಳು ಮಂದಿಯೂ ಒಟ್ಟಿಗೆ ಬಂದಾಗ ಇವರೆಲ್ಲ ಒಡಹುಟ್ಟಿದವರೇ ಎಂಬ ಪ್ರಶ್ನೆ ಏಳದೆ ಇರುವುದು ಸಾಧ್ಯವಿರಲಿಲ್ಲ. 2012ರಲ್ಲಿ ಮಾರಿಯೊ ಆಟಗಳ ಜನಕ ಶಿಗೆರು ಮಿಯಾಮೊಟೊ ಅವರು ಸಂದರ್ಶನವೊಂದರಲ್ಲಿ, ತಾವೀಗ ಇಟ್ಟುಕೊಂಡಿರುವ ಕತೆಯ ಪ್ರಕಾರ ಬೌಸರನಿಗಿರುವುದು ಜೂನಿಯರ್ ಒಬ್ಬನೇ, ಆ ಏಳು ಮಂದಿ ಮಕ್ಕಳಲ್ಲ ಎಂದು ಹೇಳಿದರು.

ಹೀಗಿರುವಾಗ ಲೇಖನದ ಮಾತು 2012ರ ನಂತರದ ಮಟ್ಟಿಗೆ ಸರಿ, 1990ರ ಆಟದ ಮಟ್ಟಿಗೆ ತಪ್ಪು. ಮಿಯಾಮೊಟೊ ಅವರು ಸಹ ಹಿಂದೆ ಬೇರೆ ಕತೆ ಇರಲಿಲ್ಲವೆಂದು ಹೇಳಲಿಲ್ಲ, ಈಗಿನ ಕತೆ ಇದು ಎಂದಷ್ಟೇ ಹೇಳಿದರು. ಕರ್ತೃವಿಗೆ ತನ್ನ ಕತೆಯನ್ನು ಬದಲಾಯಿಸುವ ಅಧಿಕಾರ ಇದ್ದೇ ಇದೆ. ಆದರೆ ಅಚ್ಚಾಗಿ, ಮಾರಾಟವಾಗಿ, ಮನೆಮನೆಯಲ್ಲಿ ಓದಿಸಿಕೊಂಡ ಕೈಪಿಡಿಯನ್ನು ಇಪ್ಪತ್ತೆರಡು ವರ್ಷಗಳ ನಂತರದ ಒಂದು ಉತ್ತರ ಇಲ್ಲವಾಗಿಸಲಾರದೆಂಬುದು ನನ್ನ ಅಭಿಪ್ರಾಯ. ನಮ್ಮ ಊರಿನ ಪ್ರಾಚ್ಯವಿದ್ಯಾ ಸಂಶೋಧನಾಲಯದಂಥ ಕಡೆ ಓಲೆಪ್ರತಿಗಳನ್ನು ಸಂಪಾದಿಸುವ ವಿದ್ವಾಂಸರು ಒಂದು ಪಾಠವನ್ನು ಸ್ವೀಕರಿಸಿದಾಗ ಉಳಿದ ಪಾಠಾಂತರಗಳನ್ನು ಅಡಿಟಿಪ್ಪಣಿಯಲ್ಲಿ ಉಳಿಸುತ್ತಾರೆಯೇ ಹೊರತು ಒಲೆಗೆ ಹಾಕುವುದಿಲ್ಲ. ಅಭಿಮಾನಿಗಳು ಕೇಳುತ್ತಿರುವುದೂ ಅಷ್ಟನ್ನೇ.

ಅಭಿಮಾನಿಗಳಲ್ಲಿಯೇ ಒಂದು ಪಂಗಡ, ಪರದೆಯ ಮೇಲೆ ಕಂಡದ್ದು ಮಾತ್ರ ಪ್ರಮಾಣ, ಕೈಪಿಡಿ ಯಾರೋ ಜಾಹೀರಾತು ವಿಭಾಗದವರು ಬರೆದದ್ದು ಎಂದು ವಾದಿಸುತ್ತದೆ. ಕೇಳಲು ಇದು ಬಹಳ ಶುದ್ಧವಾದ ನಿಲುವಿನಂತೆ ತೋರುತ್ತದೆ. ಆದರೆ 1985ರ ಮೊದಲ ಸೂಪರ್ ಮಾರಿಯೊ ಬ್ರದರ್ಸ್ ಆಟಕ್ಕೆ ಈ ನಿಯಮವನ್ನು ಹಚ್ಚಿದರೆ ಹೆಚ್ಚಿನ ಹೆಸರುಗಳು ಉಳಿಯುವುದಿಲ್ಲ. ಬೌಸರ್ ಎಂಬ ಹೆಸರು ಆ ಆಟದ ಪರದೆಯ ಮೇಲೆ ಎಲ್ಲಿಯೂ ಇಲ್ಲ, ರಾಜಕುಮಾರಿ ಬರೀ ರಾಜಕುಮಾರಿ. ಇದನ್ನು ನಾನು ಪುಸ್ತಕದಿಂದ ಕಲಿತದ್ದಲ್ಲ. ತೊಂಬತ್ತರ ದಶಕದಲ್ಲಿ ದೊಡ್ಡಕೆರೆ ಮೈದಾನದ ದಸರಾ ವಸ್ತುಪ್ರದರ್ಶನದಿಂದ ಮನೆಗೆ ಬರುತ್ತಿದ್ದ ಅಗ್ಗದ ಟಿ.ವಿ. ಗೇಮ್‌ಗಳನ್ನು, ಒಂದರೊಳಗೆ ಹತ್ತಾರು ಆಟ ತುಂಬಿದ್ದ ಆ ಹಳದಿ ಕ್ಯಾಸೆಟ್‌ಗಳನ್ನು ಆಡಿ ಬೆಳೆದವರಿಗೆಲ್ಲ ಇದು ಗೊತ್ತು. ಕ್ಯಾಸೆಟ್ಟಿನೊಂದಿಗೆ ಕೈಪಿಡಿ ಬರುತ್ತಿರಲಿಲ್ಲ. ಹಾಗಾಗಿ ಬೌಸರ್ ನಮಗೆ ಡ್ರ್ಯಾಗನ್, ಗೂಂಬಾ ಎಂಬ ಸಣ್ಣ ಶತ್ರು ಬರೀ ಅಣಬೆ, ಸೇತುವೆಯ ಆಚೆಗಿನ ಕೊಡಲಿಯನ್ನು ಮುಟ್ಟಿದರೆ ಆಟ ಮುಗಿಯಿತು. ಹೆಸರುಗಳ ಜಗಳ ನಮ್ಮ ಬೀದಿಗಳಿಗೆ ತಡವಾಗಿ ಬಂದದ್ದು ಈ ಕಾರಣದಿಂದ. ಲೇಖಕರು ಊಹಿಸಿದಂತೆ ಇಂದಿನ ಹುಡುಗರಿಗೆ ಬಿಡುವು ಹೆಚ್ಚಾಗಿರುವುದರಿಂದ ಅಲ್ಲ.

ಅದೇ ಕ್ಯಾಸೆಟ್‌ಗಳಲ್ಲಿದ್ದ ಕಾಂಟ್ರಾ ಇನ್ನೂ ಒಳ್ಳೆಯ ಉದಾಹರಣೆ. ಗುಂಡು ಹಾರಿಸುವ ಆಟವೆಂದು ಅದಕ್ಕೆ ಹೆಸರಿದ್ದರೂ ಮಾರಿಯೊದಂತೆ ಅದರಲ್ಲಿಯೂ ನೆಗೆತ ತಪ್ಪಿದರೆ ಪ್ರಾಣವೂ ತಪ್ಪಿದಂತೆಯೇ ಆದ್ದರಿಂದ ಅದನ್ನಿಲ್ಲಿ ತರುವುದು ಅನುಚಿತವಾಗಲಾರದು. ಜಪಾನಿನ ಕತೆಯಲ್ಲಿ ಅದು ನಡೆಯುವುದು 2633ನೆಯ ಇಸವಿಯಲ್ಲಿ, ನ್ಯೂಜಿಲೆಂಡಿನ ಹತ್ತಿರದ ಗಲುಗಾ ಎಂಬ ಕಲ್ಪಿತ ದ್ವೀಪಸಮೂಹದಲ್ಲಿ. ಅಲ್ಲಿ ರೆಡ್ ಫಾಲ್ಕನ್ ಎಂಬುದು ಒಂದು ಸಂಘಟನೆ. ಅಮೆರಿಕದ ಕೈಪಿಡಿಯಲ್ಲಿ ಅದು ನಮ್ಮ ಕಾಲದಲ್ಲಿಯೇ, ಅಮೆಜಾನ್ ಕಾಡಿನಲ್ಲಿ ನಡೆಯುತ್ತದೆ. ರೆಡ್ ಫಾಲ್ಕನ್ ಎಂಬುದು ಅನ್ಯಗ್ರಹದಿಂದ ಬಂದ ಶತ್ರುವಿನ ಹೆಸರು. ಕಾಲವನ್ನು ಹೀಗೆ ಹಿಂದಕ್ಕೆ ತಂದ ತಪ್ಪಿಗೆ ಅಮೆರಿಕದವರು ಮುಂದೆ ದಂಡ ತೆರಬೇಕಾಯಿತು. 1992ರ ಮೂರನೆಯ ಕಾಂಟ್ರಾ ಪರದೆಯ ಮೇಲೆಯೇ ಭವಿಷ್ಯದ ನಗರವನ್ನು ತೋರಿಸಿದ್ದರಿಂದ, ಬಿಲ್ ಮತ್ತು ಲ್ಯಾನ್ಸ್ ಎಂಬ ಹಳೆಯ ವೀರರನ್ನು ಅಲ್ಲಿಗೆ ತರಲಾಗದೆ, ಅವರ ವಂಶಸ್ಥರಾದ ಜಿಂಬೊ ಮತ್ತು ಸಲ್ಲಿ ಎಂಬ ಇಬ್ಬರನ್ನು ಸೃಷ್ಟಿಸಿದರು. ಜಪಾನಿನ ಆವೃತ್ತಿಯಲ್ಲಿ ಅದೇ ಇಬ್ಬರು ಬಿಲ್ ಮತ್ತು ಲ್ಯಾನ್ಸ್ ಆಗಿಯೇ ಇದ್ದಾರೆ. ಇದನ್ನು ಮನಸ್ಸಿಗೆ ಬಂದಂತೆ ಹೊಸೆದದ್ದೆನ್ನುವುದು ಹೇಗೆ? ಮೊದಲು ಬರೆದ ಒಂದು ಸಾಲಿಗೆ ಕಟ್ಟುಬಿದ್ದು ಬರೆದ ಎರಡನೆಯ ಸಾಲು ಇದು.

ರಾಜಕುಮಾರಿಯ ಹೆಸರಿನ ವಿಚಾರ ಇಷ್ಟು ಬೆಳೆಸಬೇಕಾದದ್ದಲ್ಲ. ಜಪಾನಿನಲ್ಲಿ ಆಕೆ ಮೊದಲಿನಿಂದಲೂ ಪೀಚ್, ಅಮೆರಿಕದಲ್ಲಿ ಬಹುಕಾಲ ಟೋಡ್‌ಸ್ಟೂಲ್. 1996ರ ಸೂಪರ್ ಮಾರಿಯೊ 64ರ ಆರಂಭದಲ್ಲಿ ಆಕೆ ಮಾರಿಯೊಗೆ ಬರೆಯುವ ಪತ್ರದ ಕೊನೆಯಲ್ಲಿ ಎರಡೂ ಹೆಸರುಗಳಿವೆ, ಅಲ್ಲಿಗೆ ಜಗಳ ಮುಗಿಯಿತು. ಸಾನಿಕ್ ಎಂಬ ಇನ್ನೊಂದು ಆಟದ ಸರಣಿಯವರೂ ಇಂಥದೇ ಒಂದು ಬಿರುಕನ್ನು ಚೆನ್ನಾಗಿ ಹೊಲಿದರು. 1991ರಿಂದ ಜಪಾನಿನಲ್ಲಿ ಎಗ್‌ಮ್ಯಾನ್, ಪಶ್ಚಿಮದಲ್ಲಿ ರೊಬಾಟ್ನಿಕ್ ಎಂದಿದ್ದ ಖಳನಾಯಕನಿಗೆ 1998ರ ಸಾನಿಕ್ ಅಡ್ವೆಂಚರ್‌ನಿಂದೀಚೆಗೆ ಎರಡೂ ಹೆಸರುಗಳು ಸಂದವು. 2001ರ ಎರಡನೆಯ ಭಾಗದಲ್ಲಿ ಅವನ ಅಜ್ಜ ಜೆರಾಲ್ಡ್‌ನಿಗೆ ರೊಬಾಟ್ನಿಕ್ ಎಂಬ ಮನೆತನದ ಹೆಸರನ್ನೇ ಕೊಟ್ಟಿದ್ದರಿಂದ ಅದು ಕತೆಯ ಅಂಗವೇ ಆಗಿಹೋಯಿತು. ಶುದ್ಧ ಅಜಾಗರೂಕತೆಯೂ ಇಲ್ಲದಿಲ್ಲ. ಅಮೆರಿಕದ 1988ರ ಸೂಪರ್ ಮಾರಿಯೊ ಬ್ರದರ್ಸ್ 2ರ ಕೊನೆಯ ಪಾತ್ರಪಟ್ಟಿಯಲ್ಲಿ ಬರ್ಡೊ ಮತ್ತು ಆಸ್ಟ್ರೊ ಎಂಬ ಎರಡು ಪಾತ್ರಗಳ ಹೆಸರು ಅದಲುಬದಲಾಗಿವೆ, ಅದಕ್ಕೆ ಯಾವ ಸಮರ್ಥನೆಯೂ ಬೇಕಾಗಿಲ್ಲ. ಅಂದಹಾಗೆ ಆ ಆಟ ಜಪಾನಿನ ಎರಡನೆಯ ಮಾರಿಯೊ ಅಲ್ಲವೇ ಅಲ್ಲ. ಜಪಾನಿನಲ್ಲಿ 1986ರಲ್ಲಿ ಬಂದ ಎರಡನೆಯ ಭಾಗ ಬೇರೆ. ಅಮೆರಿಕದವರು ಪಡೆದದ್ದು 1987ರ ಡೋಕಿ ಡೋಕಿ ಪ್ಯಾನಿಕ್ ಎಂಬ ಇನ್ನೊಂದು ಆಟದ ಪಾತ್ರಗಳನ್ನು ಬದಲಿಸಿ ಮಾಡಿದ್ದನ್ನು. ಲೇಖನದೊಂದಿಗೆ ಅಚ್ಚಾದ ಚಿತ್ರಕ್ಕೆ ‘ಎರಡನೆಯ ಮಾರಿಯೊ, 1986’ ಎಂಬ ಅಡಿಬರಹ ಇತ್ತು. ಚಿತ್ರದಲ್ಲಿದ್ದದ್ದು ಅಮೆರಿಕದ 1988ರ ಆಟ.

ನಿಜವಾಗಿ ಬಗೆಹರಿಯದೆ ಉಳಿದಿರುವುದು ಡಾಂಕಿ ಕಾಂಗ್ ಎಂಬ ಗೊರಿಲ್ಲನ ವಂಶಾವಳಿ, ಅದನ್ನು ಲೇಖನ ಮುಟ್ಟಲೇ ಇಲ್ಲ. 1981ರ ಡಾಂಕಿ ಕಾಂಗ್‌ನಲ್ಲಿ ಪಾಲೀನ್ ಎಂಬ ಯುವತಿಯನ್ನು ಎತ್ತಿಕೊಂಡು ಹೋದ ಗೊರಿಲ್ಲನೇ ಮುಪ್ಪಿನಲ್ಲಿ ಕ್ರ್ಯಾಂಕಿ ಕಾಂಗ್ ಆಗಿದ್ದಾನೆಂದೂ ಈಗಿನ ಡಾಂಕಿ ಕಾಂಗ್ ಅವನ ಮೊಮ್ಮಗನೆಂದೂ 1994ರ ಡಾಂಕಿ ಕಾಂಗ್ ಕಂಟ್ರಿ ಹೇಳಿತು. ಹಾಗಾದರೆ 1982ರ ಡಾಂಕಿ ಕಾಂಗ್ ಜೂನಿಯರ್ ನಡುವಿನ ತಲೆಮಾರಿನವನೇ, ಅಥವಾ ಅವನೇ ದೊಡ್ಡವನಾಗಿ ಈಗಿನ ನಾಯಕನಾದನೇ? 2023ರ ಮಾರಿಯೊ ಚಲನಚಿತ್ರ ಕ್ರ್ಯಾಂಕಿಯನ್ನು ತಂದೆಯೆಂದೇ ತೋರಿಸಿತು. ಇತ್ತ ಪಾಲೀನ್ 1981ರಲ್ಲಿ ಯುವತಿ, 2017ರ ಸೂಪರ್ ಮಾರಿಯೊ ಒಡಿಸ್ಸಿಯಲ್ಲಿ ನಗರದ ಮೇಯರ್, 2025ರ ಡಾಂಕಿ ಕಾಂಗ್ ಬನಾಂಝಾದಲ್ಲಿ ಬಾಲಕಿ. ಬನಾಂಝಾದಲ್ಲಿ ಆಕೆ ಈಗಿನ ಡಾಂಕಿ ಕಾಂಗ್ ಜತೆ ಬಾಲಕಿಯಾಗಿ ತಿರುಗುತ್ತಿರುವಾಗ ಕ್ರ್ಯಾಂಕಿ ಆಗಲೇ ಮುದುಕ. ಆ ಬಾಲಕಿ ಬೆಳೆದು ಯುವತಿಯಾದ ಮೇಲೆ ನಡೆದದ್ದು 1981ರ ಪ್ರಸಂಗವಾದರೆ, ಆಗ ಅವಳನ್ನು ಎತ್ತಿಕೊಂಡು ಹೋದವನು ಈ ಮುದುಕನಾಗಿರುವುದು ಹೇಗೆ? ಇಬ್ಬರು ಪಾಲೀನ್‌ಗಳಿದ್ದಾರೆಂದು ಕೆಲವರೂ, ತಾನೇ ಆ ಹಳೆಯ ಗೊರಿಲ್ಲ ಎಂಬ ಕ್ರ್ಯಾಂಕಿಯ ಮಾತನ್ನು ನಂಬಬಾರದೆಂದು ಇನ್ನು ಕೆಲವರೂ ವಾದಿಸುತ್ತಾರೆ. ನನಗೆ ಎರಡನೆಯದು ಹೆಚ್ಚು ರುಚಿಸುತ್ತದೆ, ಏಕೆಂದರೆ ಆ ಮುದುಕ ಮೊದಲಿನಿಂದಲೂ ತನ್ನ ಕಾಲವನ್ನು ಹೊಗಳಿಕೊಂಡೇ ಮಾತನಾಡುವವನು. ಆದರೆ ಅದು ನನ್ನ ರುಚಿಯೇ ಹೊರತು ಸಿದ್ಧಾಂತವಲ್ಲ.

ತಾವು ಈ ವಿಷಯದಲ್ಲಿ ಮತ್ತೊಂದು ಲೇಖನವನ್ನು ಪ್ರಕಟಿಸುವುದಾದರೆ, ಪ್ರತಿ ಆಟದ ಹೆಸರಿನ ಜತೆ ಅದು ಯಾವ ದೇಶದ, ಯಾವ ವರ್ಷದ ಆವೃತ್ತಿ ಎಂಬುದನ್ನು ನಮೂದಿಸಬೇಕೆಂದು ಕೋರುತ್ತೇನೆ. ಕತೆಯ ಸಂಗತಿ ಆಟದಲ್ಲಿಯೇ ಇದೆಯೇ, ಕೈಪಿಡಿಯಲ್ಲಿದೆಯೇ, ಕರ್ತೃವಿನ ಸಂದರ್ಶನದಲ್ಲಿದೆಯೇ ಎಂಬುದನ್ನೂ ಅರ್ಧ ವಾಕ್ಯದಲ್ಲಿ ಸೇರಿಸಬಹುದು, ಅದಕ್ಕೆ ಹೆಚ್ಚಿನ ಜಾಗ ಹಿಡಿಯಲಾರದು. ಸದ್ಯಕ್ಕೆ ಆ ಚಿತ್ರದ ಅಡಿಬರಹವನ್ನಾದರೂ ಮುಂದಿನ ಭಾನುವಾರದ ಪುರವಣಿಯಲ್ಲಿ ತಿದ್ದಿ ಪ್ರಕಟಿಸಿದರೆ ಉಪಕಾರವಾಗುತ್ತದೆ.

ಇಂತಿ ತಮ್ಮ ವಿಶ್ವಾಸಿ,
ಓದುಗ, ಸರಸ್ವತಿಪುರಂ, ಮೈಸೂರು