ಹಳೇ ಸಾಲಿ (ಶಾಲೆ) ಕಟ್ಟಡದ ಬೀಗ ತೆಗೆಯುವ ಬಗ್ಗೆ ಆರನೇ ಮನವಿ

ಇವರಿಗೆ,
ಮಾನ್ಯ ಅಧಿಕಾರಿಗಳು
(ಹಿಂದಿನ ಐದು ಸಲ ಯಾರ್ಯಾರ ಹೆಸರಿಗೆ ಬರೆದೆವೋ ಅವರೆಲ್ಲ ವರ್ಗವಾಗಿ ಹೋದರು. ಅದಕ್ಕೆ ಈ ಸಲ ಹೆಸರು ಬರೆದಿಲ್ಲ.)

ಇವರಿಂದ,
ಹಳೇ ಸಾಲಿಯ ಹಿಂದಿನ ಮತ್ತು ಮುಂದಿನ ಓಣಿಯ ನಿವಾಸಿಗಳು, ಧಾರವಾಡ

ವಿಷಯ: ಕಲಾವಿದರ ವಾಸ್ತವ್ಯಕ್ಕೆಂದು ಕೊಟ್ಟ ಹಳೇ ಸಾಲಿ ಕಟ್ಟಡದ ಬೀಗ, ಗೋಡೆ, ಗಟಾರ ಇತ್ಯಾದಿ.

ಉಲ್ಲೇಖ: ನಮ್ಮ ಹಿಂದಿನ ಐದು ಅರ್ಜಿಗಳು. ಆವಕ ನಂಬರ್ ಎಲ್ಲದಕ್ಕೂ ಇದೆ. ಉತ್ತರ ಅನ್ನುವಂಥದ್ದು ಒಂದಕ್ಕೂ ಇಲ್ಲ.

ಮಾನ್ಯರೇ,

ತಾವು ಕುಶಲ ಎಂದು ಭಾವಿಸುತ್ತೇವೆ. ನಾವು ಕುಶಲವಾಗಿಲ್ಲ, ಯಾಕೆ ಅಂತ ಕೆಳಗೆ ಬರೆದಿದ್ದೇವೆ. ಸ್ವಲ್ಪ ಉದ್ದ ಆಗಿದೆ. ಐದು ಸಲ ಚಿಕ್ಕದಾಗಿ ಬರೆದು ನೋಡಿದ್ದೇವೆ.

ಮೊದಲೇ ಒಂದು ಮಾತು. ಹೋದ ಸಲ ನಿಮ್ಮ ಕಚೇರಿಯಲ್ಲಿ ಒಬ್ಬರು "ನಿಮಗೆ ಕಲಾವಿದರು ಬೇಡ, ಅಷ್ಟೇ ಅಲ್ವಾ" ಅಂದುಬಿಟ್ಟರು. ಇದು ಧಾರವಾಡ ಸ್ವಾಮಿ. ಮಲ್ಲಿಕಾರ್ಜುನ ಮನ್ಸೂರರು ಬಾಳಿದ ಊರು. ಗಂಗೂಬಾಯಿ ಹಾನಗಲ್ಲರು 1913ರಲ್ಲಿ ಹುಟ್ಟಿದ್ದು ಇಲ್ಲೇ. ಹಾಲಭಾವಿಯವರು ಚಿತ್ರಕಲೆಯ ಶಾಲೆ ಕಟ್ಟಿದ್ದೂ ಇಲ್ಲೇ. ಕಲಾವಿದರಿಗೆ ಇರಲು ಜಾಗ, ಊಟ, ಅಭ್ಯಾಸಕ್ಕೆ ಬಿಡುವು ಕೊಡುವುದು ನಮ್ಮ ಕಡೆ ಹೊಸದೇನಲ್ಲ. ಪಕ್ಕದ ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರಿ ಗವಾಯಿಗಳು, ಅವರ ನಂತರ ಪುಟ್ಟರಾಜ ಗವಾಯಿಗಳು ಕಣ್ಣಿಲ್ಲದ ಮಕ್ಕಳನ್ನು ಇಟ್ಟುಕೊಂಡು, ಉಣಿಸಿ, ಸಂಗೀತ ಕಲಿಸಿದರು. ಹುಬ್ಬಳ್ಳಿಯ ಉಣಕಲ್ಲಿನಲ್ಲಿ ಗಂಗೂಬಾಯಿಯವರ ಹೆಸರಿನ ಗುರುಕುಲ ಇದೆ. ನೀವು ಇಂಗ್ಲಿಷಿನಲ್ಲಿ ರೆಸಿಡೆನ್ಸಿ ಅಂತ ಫಲಕ ಬರೆಸಿದ್ದೀರಿ, ಬರೆಸಿ, ಅದಕ್ಕೂ ತಕರಾರಿಲ್ಲ. ಬಂದ ಕಲಾವಿದರು ನಮ್ಮ ಅತಿಥಿಗಳು. ನಮ್ಮ ತಕರಾರು ಇರುವುದು ಗೇಟಿನ ಬೀಗದ ಬಗ್ಗೆ, ಅದು ನಿಮ್ಮದು.

ಆ ಕಟ್ಟಡದಲ್ಲಿ ನಮ್ಮ ಅಪ್ಪಂದಿರು ಕಲಿತರು, ನಮ್ಮಲ್ಲೂ ಅರ್ಧ ಮಂದಿ ಕಲಿತೆವು. ಸಾಲಿ ಬೇರೆ ಕಡೆ ಹೋದ ಮೇಲೆ ಕಟ್ಟಡ ಖಾಲಿ ಬಿದ್ದಿತ್ತು. ಆದರೆ ಸತ್ತಿರಲಿಲ್ಲ. ಪಡಸಾಲೆಯಲ್ಲಿ ಹೆಣ್ಣುಮಕ್ಕಳು ಮಧ್ಯಾಹ್ನ ಕೂತು ಕಸೂತಿ ಹಾಕುತ್ತಿದ್ದರು, ಹುಡುಗರು ಪರೀಕ್ಷೆಗೆ ಓದುತ್ತಿದ್ದರು, ಶ್ರಾವಣದಲ್ಲಿ ಭಜನೆ ನಡೆಯುತ್ತಿತ್ತು. ಅಂಗಳದ ಬಾವಿಯಲ್ಲಿ ಬೇಸಿಗೆಗೂ ನೀರಿತ್ತು. ನಳಕ್ಕೆ ಎಷ್ಟು ದಿನಕ್ಕೊಮ್ಮೆ ನೀರು ಬರುತ್ತದೆ ಅಂತ ನಿಮಗೆ ಗೊತ್ತು, ಹಾಗಾಗಿ ಆ ಬಾವಿ ನಮಗೆ ಏನಾಗಿತ್ತು ಅಂತ ಬಿಡಿಸಿ ಹೇಳಬೇಕಿಲ್ಲ.

ಮೂರು ಮಳೆಗಾಲದ ಹಿಂದೆ ನೀವೇ ಬಂದು ಹುಣಸೆ ಮರದ ಕಟ್ಟೆಯಲ್ಲಿ ಸಭೆ ಮಾಡಿದಿರಿ. ಕಟ್ಟಡ ದುರಸ್ತಿ ಮಾಡುತ್ತೇವೆ, ಮೇಲಿನ ಕೋಣೆಗಳು ಕಲಾವಿದರಿಗೆ, ಕೆಳಗಿನ ಹಾಲ್ ವಾರಕ್ಕೆ ಮೂರು ದಿನ ಓಣಿಯವರಿಗೆ, ಬಂದ ಪ್ರತಿ ಕಲಾವಿದರು ತಿಂಗಳಿಗೊಮ್ಮೆ ಮಕ್ಕಳಿಗೆ ಪಾಠ ಮಾಡಬೇಕು, ಬಾವಿ ಮತ್ತು ಕಾಲುದಾರಿ ಹಾಗೇ ಇರುತ್ತವೆ ಅಂದಿರಿ. ಬಂದಿದ್ದ ಸಾಹೇಬರು ಬರ್ಲಿನ್ನಿನ ಬೆಥಾನಿಯನ್ ಅನ್ನುವ ಹಳೇ ಆಸ್ಪತ್ರೆಯ ಕಥೆ ಹೇಳಿದರು. ನಾವೂ ಆಮೇಲೆ ಹುಡುಕಿ ಓದಿದೆವು. 1847ರ ಕಟ್ಟಡ, 1970ರಲ್ಲಿ ಆಸ್ಪತ್ರೆ ಮುಚ್ಚಿತು, ಕೆಡವುವ ಮಾತು ಬಂತು, ಆಗ ಜನ ಎದ್ದು ನಿಂತರು. ಅದಾದ ಮೇಲೇ ಅಲ್ಲಿ ಕಲಾವಿದರಿಗೆ ಜಾಗ ಸಿಕ್ಕಿದ್ದು. ಸಾಹೇಬರು ಭಾಷಣದಲ್ಲಿ ಈ ನಡುವಿನ ಭಾಗ ಬಿಟ್ಟಿದ್ದರು. ಅವರ ಮಾತು ನಂಬಿ ನಾವು ಒಪ್ಪಿಗೆಯ ಹಾಳೆಗೆ ಸಹಿ ಹಾಕಿದೆವು. ಆ ಹಾಳೆಯ ಪ್ರತಿ ಇವತ್ತಿನವರೆಗೂ ನಮಗೆ ಕೊಟ್ಟಿಲ್ಲ.

ಉದ್ಘಾಟನೆ ಆದ ವಾರವೇ ಗೇಟಿಗೆ ಬೀಗ ಬಿತ್ತು. ತಿಂಗಳೊಳಗೆ ಕಾಲುದಾರಿಗೆ ಅಡ್ಡ ಗೋಡೆ ಎದ್ದಿತು. ಮಕ್ಕಳು ಈಗ ಸಾಲಿಗೆ ಹೋಗಲು ಮೇನ್ ರೋಡ್ ಸುತ್ತಿ, ಟೆಂಪೋಗಳ ಮಧ್ಯೆ ದಾಟಿ ಹೋಗಬೇಕು. ಮೊದಲ ಅರ್ಜಿ ಇದರ ಬಗ್ಗೆ. "ಇದು ನಮ್ಮ ಸೆಕ್ಷನ್ ಅಲ್ಲ" ಅಂದರು. ಯಾವ ಸೆಕ್ಷನ್ ಅಂತ ಕೇಳಿದರೆ ಅದನ್ನು ಹೇಳುವವರು ರಜೆಯಲ್ಲಿದ್ದರು. ಎರಡನೇ ಅರ್ಜಿಗೆ ಫೋಟೋ ಹಚ್ಚಿ ಕೊಟ್ಟೆವು. ಫೈಲು ಹುಬ್ಬಳ್ಳಿಗೆ ಹೋಗಿದೆ ಅಂದರು. ಚಿಗರಿ ಬಸ್ ಹತ್ತಿ ಹುಬ್ಬಳ್ಳಿಗೆ ಹೋದೆವು, ಅಲ್ಲಿ ಫೈಲು ಧಾರವಾಡದಲ್ಲೇ ಇದೆ ಅಂದರು. ನಮ್ಮ ಜೊತೆ ಬಂದಿದ್ದ ಹಿರಿಯ ಕಾಕಾ ಒಬ್ಬರಿಗೆ ಮೊಣಕಾಲು ನೋವು. ಅವರು ನಾಲ್ಕು ಸಲ ಹೀಗೆ ಅಡ್ಡಾಡಿದರು. ಬಹುಶಃ ಫೈಲೂ ಅದೇ ಬಸ್ಸಿನಲ್ಲಿ ಎದುರಿನಿಂದ ಬರುತ್ತಿತ್ತು.

ಮೂರನೆಯದನ್ನು ಹುಡುಗರು ಮೊಬೈಲಿನ ಆ್ಯಪ್‌ನಲ್ಲಿ ಹಾಕಿದರು. ಸಂಜೆಯೊಳಗೆ "ದೂರು ಪರಿಹರಿಸಲಾಗಿದೆ" ಅಂತ ಮೆಸೇಜ್ ಬಂತು. ನಾವು ಎಷ್ಟು ಖುಷಿಪಟ್ಟೆವು ಅಂದರೆ ಟಾರ್ಚ್ ಹಿಡಿದು ಹೋಗಿ ನೋಡಿದೆವು. ಗೋಡೆ ಅಲ್ಲೇ ಇತ್ತು, ಬೀಗವೂ ಇತ್ತು. ನಾಲ್ಕನೆಯದು ಮಾಹಿತಿ ಹಕ್ಕು ಅರ್ಜಿ. ಕಟ್ಟಡವನ್ನು ಯಾರಿಗೆ, ಎಷ್ಟು ವರ್ಷಕ್ಕೆ, ಯಾವ ಷರತ್ತಿನ ಮೇಲೆ ಕೊಟ್ಟಿದ್ದೀರಿ ಎಂಬ ಮೂರೇ ಪ್ರಶ್ನೆ. 2005ರ ಕಾಯ್ದೆ 30 ದಿನದೊಳಗೆ ಉತ್ತರ ಕೊಡಬೇಕು ಅನ್ನುತ್ತದೆ. ದೀಪಾವಳಿಗೆ ಕೇಳಿದ್ದಕ್ಕೆ ಹೋಳಿ ಹುಣ್ಣಿಮೆ ಮುಗಿದ ಮೇಲೆ ಹಿಂಬರಹ ಬಂತು, "ಸದರಿ ಮಾಹಿತಿ ಈ ಶಾಖೆಯಲ್ಲಿ ಲಭ್ಯವಿರುವುದಿಲ್ಲ". ಮೇಲ್ಮನವಿ ಹಾಕಿದ್ದೇವೆ, ಅದೂ ಎಲ್ಲೋ ನಿದ್ದೆ ಮಾಡುತ್ತಿದೆ. ಐದನೇ ಸಲ ಇಪ್ಪತ್ತು ಮಂದಿ ಸೇರಿ ಬಂದೆವು. ಅದರ ಮೇಲೆ ಒಬ್ಬ ಎಂಜಿನಿಯರ್ ಸ್ಥಳ ಪರಿಶೀಲನೆಗೆ ಬಂದರು. ಟೇಪು ಹಿಡಿದರು, ಫೋಟೋ ತೆಗೆದರು, ನಮ್ಮ ಮನೆಯಲ್ಲೇ ಅವಲಕ್ಕಿ ತಿಂದು ಚಹಾ ಕುಡಿದರು. ಒಳ್ಳೆಯ ಮನುಷ್ಯ, ಸುಳ್ಳು ಹೇಳಬಾರದು. ಎರಡು ದಿನದಲ್ಲಿ ಆಗುತ್ತೆ ಅಂದರು. ಆ ಎರಡು ದಿನ ಇನ್ನೂ ಮುಗಿದಿಲ್ಲ.

ಇನ್ನು ದುರಸ್ತಿಯ ವಿಷಯ. ಇದನ್ನು ಬರೆಯುವಾಗ ಸಿಟ್ಟಿಗಿಂತ ಸಂಕಟ ಜಾಸ್ತಿ ಆಗುತ್ತದೆ. ಅದು ಕಲ್ಲು ಮತ್ತು ಸುಣ್ಣದ ಗಾರೆಯ ಗೋಡೆ. ಗಾರೆ ನೀರು ಹೀರಿದರೂ ಮತ್ತೆ ಗಾಳಿಗೆ ಬಿಟ್ಟುಬಿಡುತ್ತದೆ. ನಮ್ಮ ಓಣಿಯ ಹಿರಿಯ ಗೌಂಡಿ ಕೆಲಸ ಶುರುವಾದ ದಿನವೇ ಹೋಗಿ, ಇದಕ್ಕೆ ಸಿಮೆಂಟ್ ಬಳಿಯಬೇಡಿ, ಒಳಗಿನ ತೇವ ಹೊರಗೆ ಬರುವುದಿಲ್ಲ, ಸುಣ್ಣವನ್ನೇ ಅರೆದು ಹಚ್ಚಿ ಅಂತ ಹೇಳಿದರು. ಅವರನ್ನು ಹೊರಗೆ ಕಳಿಸಿದರು. ಹಳೇ ಗಾರೆ ಕೆರೆದು ಸಿಮೆಂಟ್ ಮೆತ್ತಿ, ಮೇಲೆ ಎಣ್ಣೆ ಬಣ್ಣ ಹೊಡೆದರು. ಒಂದೇ ಮಳೆಗಾಲಕ್ಕೆ ಗೋಡೆ ಹಪ್ಪಳದ ಹಾಗೆ ಉಬ್ಬಿತು. ಈಗ ಮುಟ್ಟಿದರೆ ಉಪ್ಪಿನಂಥ ಬಿಳಿ ಪುಡಿ ಉದುರುತ್ತದೆ. ಮಂಗಳೂರು ಹೆಂಚು ಇಳಿಸಿ ತಗಡು ಹಾಕಿದರು. ಮಳೆ ಬಂದರೆ ಒಳಗೆ ಮಾತು ಕೇಳಿಸುವುದಿಲ್ಲ, ಬೇಸಿಗೆಯಲ್ಲಿ ಕೂರುವ ಹಾಗಿಲ್ಲ. ಆ ಹೆಂಚಿನ ಕೆಳಗಿದ್ದ ಸಾಗವಾನಿ ತೊಲೆಗಳು ಲಾರಿ ಹತ್ತಿದ್ದನ್ನು ನಾವು ನೋಡಿದ್ದೇವೆ. ಎಲ್ಲಿ ಇಳಿದವು ಅಂತ ನೀವು ಹೇಳಬೇಕು.

ಹೋದ ವರ್ಷ ಇಲ್ಲಿಗೆ ಬಂದ ಒಬ್ಬ ಹುಡುಗಿ ಮಣ್ಣಿನ ಕಲೆ ಮಾಡುವವಳು, ಹೊರ ರಾಜ್ಯದವಳು, ಹೆಸರು ಬೇಡ. ಮಣ್ಣಿನ ಕೆಲಸಕ್ಕೆ ನೀರು ಬೇಕಲ್ಲ, ಕಟ್ಟಡದ ನಳದಲ್ಲಿ ಹನಿಯಿಲ್ಲ, ಬಾವಿಗೆ ಕಬ್ಬಿಣದ ಜಾಳಿಗೆ ಹಾಕಿ ಮುಚ್ಚಿದ್ದಾರೆ. ಅವಳು ದಿನಾ ಮುಂಜಾನೆ ನಮ್ಮ ಮನೆಗೆ ಬಂದು ಕೊಡ ತುಂಬಿಸಿಕೊಂಡು ಹೋಗುತ್ತಿದ್ದಳು. ನಾವು ತುಂಬಿಟ್ಟುಕೊಂಡಿದ್ದರಲ್ಲೇ ಕೊಟ್ಟೆವು. ಹಾಗೇ ಪರಿಚಯವಾಗಿ ಎದುರು ಮನೆಯ ಅಜ್ಜಿಯ ಹತ್ತಿರ ಕಸೂತಿ ಕಲಿಯಲು ಕೂತಳು. ಗಾವಂತಿ, ಮುರಗಿ, ನೇಗಿ, ಮೆಂತಿ, ನಾಲ್ಕೂ ಹೊಲಿಗೆ. ಬಟ್ಟೆಯ ಮೇಲೆ ಗೆರೆ ಹಾಕಿಕೊಳ್ಳದೆ ಎಳೆ ಎಣಿಸಿಯೇ ಹಾಕಬೇಕು ಅಂದಾಗ ಅವಳಿಗೆ ನಂಬಲಿಕ್ಕೇ ಆಗಲಿಲ್ಲ. ಗೋಪುರ ಮತ್ತು ತುಳಸಿ ಕಟ್ಟೆಯ ನಮೂನೆ ನೋಡಿ ಅದನ್ನೇ ಮಣ್ಣಿನ ಹಲಗೆ ಮೇಲೆ ಚುಚ್ಚಿ ಮಾಡಿದಳು. ಮುಗಿದ ದಿನ ಅಜ್ಜಿಗೆ ತೋರಿಸಬೇಕು ಅಂತ ಕೈಹಿಡಿದು ಕರೆದುಕೊಂಡು ಹೋದರೆ ಗೇಟಿನಲ್ಲಿ ವಾಚ್‌ಮನ್ ಬಿಡಲಿಲ್ಲ, ಹೊರಗಿನವರಿಗೆ ಪ್ರವೇಶ ಇಲ್ಲವಂತೆ. ಅದೇ ಪಡಸಾಲೆಯಲ್ಲಿ ಐವತ್ತು ವರ್ಷ ಸೂಜಿ ಹಿಡಿದು ಕೂತ ಮುದುಕಿ ಹೊರಗಿನವಳು! ಕೊನೆಗೆ ಆ ಹುಡುಗಿ ಹಲಗೆಯನ್ನೇ ಹೊತ್ತು ತಂದು ಅಜ್ಜಿಯ ಕಟ್ಟೆಯ ಮೇಲೆ ಇಟ್ಟಳು. ನಮ್ಮ ಐದನೇ ಅರ್ಜಿಯಲ್ಲಿ ಅವಳ ಸಹಿಯೂ ಇದೆ, ಬೇಕಾದರೆ ತೆಗೆದು ನೋಡಿ, ಸಿಕ್ಕರೆ.

ಕೊಚ್ಚಿಯಲ್ಲಿ 2012ರಿಂದ ಬಿಯೆನ್ನಾಲೆ ಅನ್ನುವ ದೊಡ್ಡ ಕಲಾ ಪ್ರದರ್ಶನ ನಡೆಯುತ್ತದೆ. ನಮ್ಮ ಓಣಿಯ ಹುಡುಗರು ಹೋಗಿ ನೋಡಿ ಬಂದರು. ಅಲ್ಲಿ ಪೆಪ್ಪರ್ ಹೌಸ್ ಅಂತ ಹಳೇ ಗೋದಾಮಿನಲ್ಲಿ ಕಲಾವಿದರನ್ನು ಇರಿಸುತ್ತಾರೆ, ಅದರ ಅಂಗಳದಲ್ಲಿ ಯಾರು ಬೇಕಾದರೂ ಕೂತು ಚಹಾ ಕುಡಿಯಬಹುದು. ಹುಡುಗರೂ ಕುಡಿದು ಬಂದರು. ತಮ್ಮ ಅಪ್ಪ ಕಲಿತ ಸಾಲಿಯ ಅಂಗಳಕ್ಕೆ ಕಾಲಿಡಲು ಇವರಿಗೆ ಆಗುತ್ತಿಲ್ಲ.

ಕಲಾವಿದರು ಇಲ್ಲದ ತಿಂಗಳುಗಳಲ್ಲಿ ಮಾತ್ರ ಗೇಟು ತೆರೆಯುತ್ತದೆ. ಯಾರದೋ ಹುಟ್ಟುಹಬ್ಬ, ಯಾರದೋ ಪಾರ್ಟಿ, ರಾತ್ರಿ ಒಂದು ಗಂಟೆಯ ತನಕ ಡಿಜೆ. ರಾತ್ರಿ 10ರಿಂದ ಮುಂಜಾನೆ 6ರವರೆಗೆ ಬಯಲಲ್ಲಿ ಧ್ವನಿವರ್ಧಕ ಹಚ್ಚಬಾರದು ಅಂತ 2000ದ ನಿಯಮ ಇದೆ ಅಲ್ವಾ? ಅಡುಗೆಯ ಎಂಜಲು ನೀರು ನೇರ ನಮ್ಮ ಗಟಾರಕ್ಕೆ. ಗಟಾರ ಕಟ್ಟಿಕೊಂಡು ಎರಡು ಮನೆಯ ಹೊಸ್ತಿಲ ತನಕ ಬಂದಿದೆ. ಬೀದಿ ದೀಪ ಹೋಗಿ ಯಾವ ಕಾಲವಾಯಿತೋ, ಆದರೆ ಕಟ್ಟಡದ ಫಲಕಕ್ಕೆ ರಾತ್ರಿಯಿಡೀ ಲೈಟು. ಕಸದ ಗಾಡಿ ಆ ಗೇಟಿನ ತನಕ ಬಂದು ಅಲ್ಲಿಂದಲೇ ತಿರುಗಿ ಹೋಗುತ್ತದೆ, ನಮ್ಮದು ಗಾಡಿ ಹೋಗದ ಓಣಿಯಂತೆ. ನಾಯಿಗಳ ಬಗ್ಗೆ ಬೇರೆ ಅರ್ಜಿ ಕೊಡುತ್ತೇವೆ.

ನಾವು ಕೇಳುವುದು ಜಾಸ್ತಿ ಏನಲ್ಲ. ಮಾತು ಕೊಟ್ಟ ಹಾಗೆ ಕೆಳಗಿನ ಹಾಲ್ ವಾರಕ್ಕೆ ಮೂರು ದಿನ ತೆರೆಯಿರಿ. ಬೀಗದ ಒಂದು ಕೀಲಿ ಓಣಿಯವರ ಹತ್ತಿರ ಇರಲಿ. ಕಾಲುದಾರಿಯ ಗೋಡೆ ಒಡೆಯಿರಿ, ಬಾವಿಯ ಜಾಳಿಗೆಗೆ ಬಾಗಿಲು ಮಾಡಿಸಿ. ಒಪ್ಪಂದದ ಪ್ರತಿಯನ್ನು ಗೇಟಿನ ಪಕ್ಕ ಅಂಟಿಸಿ, ಮುಚ್ಚಿಡುವಂಥದ್ದು ಅದರಲ್ಲಿ ಏನಿದೆ? ಮಳೆ ಹಿಡಿಯುವ ಮೊದಲು ಸಿಮೆಂಟ್ ಕೆರೆದು ಸುಣ್ಣದ ಗಾರೆ ಹಾಕಿಸಿ, ಗೌಂಡಿಯವರು ಈಗಲೂ ಬಂದು ತೋರಿಸಿಕೊಡಲು ತಯಾರಿದ್ದಾರೆ. ತೊಲೆಗಳ ಲೆಕ್ಕ ಬರೆದು ಕೊಡಿ. 3 ಲಕ್ಷಕ್ಕಿಂತ ಹೆಚ್ಚು ಜನ ಇರುವ ಊರಿನಲ್ಲಿ ವಾರ್ಡ್ ಸಮಿತಿ ಇರಬೇಕು ಅಂತ ಸಂವಿಧಾನದ 74ನೇ ತಿದ್ದುಪಡಿಯಲ್ಲಿದೆ. ಆ ಸಮಿತಿ ಸೇರಿಸಿ ಅದರ ಮುಂದೆ ಈ ವಿಷಯ ಇಡಿ.

ಬರುವ ಅಮಾವಾಸ್ಯೆಯೊಳಗೆ ಉತ್ತರ ಬರದಿದ್ದರೆ ಮರುದಿನ ಮಧ್ಯಾಹ್ನದಿಂದ ಹೆಣ್ಣುಮಕ್ಕಳು ಸೂಜಿ ದಾರ ತೆಗೆದುಕೊಂಡು ಗೇಟಿನ ಹೊರಗೆ, ರಸ್ತೆಯ ಮೇಲೆಯೇ ಚಾಪೆ ಹಾಸಿ ಕೂರುತ್ತಾರೆ. ಧರಣಿ ಅನ್ನಿ, ಕಸೂತಿ ಕ್ಲಾಸ್ ಅನ್ನಿ, ನಿಮ್ಮಿಷ್ಟ. ಈಗ ಒಳಗಿರುವ ಇಬ್ಬರು ಕಲಾವಿದರೂ ನಮ್ಮ ಜೊತೆ ಕೂರುತ್ತೇವೆ ಅಂದಿದ್ದಾರೆ.

ಇಂತಿ ತಮ್ಮ ವಿಶ್ವಾಸಿಗಳು,
ಎರಡೂ ಓಣಿಯ ನಿವಾಸಿಗಳು

ಲಗತ್ತು: ಸಹಿಗಳ ಹಾಳೆ, ಉಬ್ಬಿದ ಗೋಡೆಯ ಮತ್ತು ಗಟಾರದ ಫೋಟೋ, ಹಿಂದಿನ ಐದು ಅರ್ಜಿಗಳ ಝೆರಾಕ್ಸ್ (ಮೂಲ ಪ್ರತಿ ನಿಮ್ಮಲ್ಲೇ ಇರಬೇಕು).

ಟಪಾಲು ವಿಭಾಗದವರಿಗೆ: ಇದಕ್ಕೂ ದಯವಿಟ್ಟು ಸಿಕ್ಕಾ ಹಾಕಿ ಆವಕ ನಂಬರ್ ಕೊಡಿ. ಕೊಡುವವರೆಗೆ ನಾವು ಬೆಂಚಿನ ಮೇಲೆ ಕೂತಿರುತ್ತೇವೆ.