ಅರವತ್ತರ ಹೊಸ್ತಿಲಲ್ಲಿ ಜೀವನಾಂಶ: ಕಾನೂನು ಸಚಿವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಕೇಂದ್ರ ಕಾನೂನು ಸಚಿವರಿಗೆ,

ನಮಸ್ಕಾರಗಳು.

ಹೋದ ವರ್ಷ ನನ್ನ ಮಾಜಿ ಗಂಡನಿಗೆ ಹೃದಯದ ಆಪರೇಷನ್ ಆಯಿತು. ಮಗಳು ಫೋನ್ ಮಾಡಿ ಹೇಳಿದಳು. ಫೋನ್ ಇಟ್ಟವಳೇ ದೇವರ ಮುಂದೆ ಕೂತು, ಅವರು ಬದುಕಿ ಬರಲಿ ಅಂತ ಬೇಡಿಕೊಂಡೆ. 34 ವರ್ಷ ಸಂಸಾರ ಮಾಡಿದವರು, ಸಂಕಟ ಆಗದೇ ಇರುತ್ತಾ? ಆದರೆ ಬೇಡಿಕೊಳ್ಳುತ್ತಿದ್ದ ಹಾಗೇ ಇನ್ನೊಂದು ಯೋಚನೆ ನುಗ್ಗಿತು. ಅವರಿಗೆ ಏನಾದರೂ ಆದರೆ ಮುಂದಿನ ತಿಂಗಳಿಂದ ನನ್ನ ಖರ್ಚಿಗೆ ಯಾರು ಕೊಡುತ್ತಾರೆ? ಆ ರಾತ್ರಿ ನನಗೆ ನನ್ನ ಮೇಲೇ ಹೇಸಿಗೆ ಆಯಿತು. ಬೆಳಗಾಗುವ ಹೊತ್ತಿಗೆ, ನನ್ನನ್ನು ಅಂಥ ಜಾಗದಲ್ಲಿ ತಂದು ನಿಲ್ಲಿಸಿದ್ದು ನಮ್ಮ ಕಾನೂನು ಅನ್ನಿಸಿತು. ಅದಕ್ಕೇ ನಿಮಗೆ ಬರೆಯುತ್ತಿದ್ದೇನೆ.

ನನಗೆ ಈಗ 60. ಮದುವೆಯಾದಾಗ 23. ಅವರು ಸರ್ಕಾರಿ ನೌಕರರು. ಎರಡು ಮೂರು ವರ್ಷಕ್ಕೊಮ್ಮೆ ವರ್ಗಾವಣೆ. ನಾನು ಕೆಲಸಕ್ಕೆ ಹೋಗುವುದು ಬೇಡ ಅಂತ ಇಬ್ಬರೂ ಕೂತು ತೀರ್ಮಾನ ಮಾಡಿದ್ದೆವು. ಯಾರೂ ಬಲವಂತ ಮಾಡಲಿಲ್ಲ. ಮನೆ, ಮಕ್ಕಳು, ಕೊನೆಯ ಆರು ವರ್ಷ ಹಾಸಿಗೆ ಹಿಡಿದ ಅತ್ತೆ, ಇಷ್ಟರಲ್ಲಿ ಕಾಲ ಕಳೆಯಿತು. ನನಗೆ 53 ಆದಾಗ ವಿಚ್ಛೇದನದ ನೋಟಿಸ್ ಬಂತು. 57ಕ್ಕೆ ಡಿಕ್ರಿ ಆಯಿತು.

ಕೋರ್ಟಿನಲ್ಲಿ ಆಸ್ತಿಪಾಸ್ತಿ, ಆದಾಯದ ಅಫಿಡವಿಟ್ ಕೊಡಬೇಕು. 2020ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ರಜನೀಶ್ ಮತ್ತು ನೇಹಾ ಪ್ರಕರಣದಲ್ಲಿ ಮಾಡಿದ ನಿಯಮ ಅದು. ಒಳ್ಳೆಯ ನಿಯಮವೇ. ಇಬ್ಬರೂ ಆದಾಯ ಮುಚ್ಚಿಡುವ ಹಾಗಿಲ್ಲ. ನಮ್ಮ ವಕೀಲರ ಜೂನಿಯರ್ ಹುಡುಗಿ ಕಂಪ್ಯೂಟರ್ ಮುಂದೆ ಕೂತು ಒಂದೊಂದೇ ಕಾಲಂ ಓದುತ್ತಾ ಹೋದಳು. ಉದ್ಯೋಗ? ಇಲ್ಲ. ತಿಂಗಳ ಆದಾಯ? ಇಲ್ಲ. ಸ್ವಂತ ಹೆಸರಲ್ಲಿ ಮನೆ, ನಿವೇಶನ? ಇಲ್ಲ. ವಿಮೆ, ಷೇರು, ಠೇವಣಿ? ಇಲ್ಲ. ಪ್ರತಿ ಸಲ ಅವಳು 'ಇಲ್ಲ' ಅಂತ ಟೈಪ್ ಮಾಡುವುದನ್ನು ನೋಡುತ್ತಾ ಕೂತಿದ್ದೆ. ಕೊನೆಗೆ ವಿದ್ಯಾರ್ಹತೆ ಕೇಳಿದಳು. ಬಿ.ಕಾಂ., 1986 ಅಂದೆ. ನಾನು 'ಇದೆ' ಅಂತ ಹೇಳಿದ್ದು ಅದೊಂದನ್ನೇ. ಎದುರು ಕಡೆಯ ವಕೀಲರು ಹಿಡಿದುಕೊಂಡದ್ದೂ ಅದನ್ನೇ. "ಪದವೀಧರೆ, ದುಡಿದು ತಿನ್ನಬಹುದಲ್ಲ" ಅಂದರು. ಲೆಡ್ಜರ್ ಪುಸ್ತಕದ ಕಾಲದಲ್ಲಿ ಓದಿದ ಡಿಗ್ರಿ ಅದು. 57ರ ಹೆಂಗಸಿಗೆ ಮೊದಲ ಕೆಲಸ ಕೊಡುವವರು ಯಾರು?

ಎಳೆ ವಯಸ್ಸಿನವರಿಗೆ ಜೀವನಾಂಶ ಅಂದರೆ ಮತ್ತೆ ಕಾಲೂರುವ ತನಕ ಒಂದು ಆಸರೆ. ನನ್ನ ವಯಸ್ಸಿನವರಿಗೆ ಇರುವುದೇ ಅದು. ಈ ವ್ಯತ್ಯಾಸವನ್ನು ಕೆಲವು ನ್ಯಾಯಾಧೀಶರು ಗಮನಿಸುತ್ತಾರೆ, ಕೆಲವರು ಇಲ್ಲ. ಕಾನೂನು ಮಾತ್ರ ಬಾಯಿಬಿಟ್ಟು ಹೇಳುವುದಿಲ್ಲ.

ಶಾ ಬಾನೊ ಅವರನ್ನು ನೆನಪಿಸಿಕೊಳ್ಳಿ. 1932ರಲ್ಲಿ ಮದುವೆ, ಐದು ಮಕ್ಕಳು, 1975ರಲ್ಲಿ ಗಂಡ ಮನೆಯಿಂದ ಹೊರಗೆ ಹಾಕಿದರು. ಇಂದೋರಿನ ಮ್ಯಾಜಿಸ್ಟ್ರೇಟ್ ಕೋರ್ಟಿಗೆ ಹೋದದ್ದು 1978ರಲ್ಲಿ. ಅಲ್ಲಿ ಸಿಕ್ಕಿದ್ದು ತಿಂಗಳಿಗೆ 25 ರೂಪಾಯಿ. ಹೈಕೋರ್ಟ್ ಅದನ್ನು 179 ರೂಪಾಯಿ 20 ಪೈಸೆಗೆ ಏರಿಸಿತು. ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯುವಾಗ 1985ರ ಏಪ್ರಿಲ್ ಆಗಿತ್ತು. ಆಮೇಲೆ ಧರ್ಮ, ರಾಜಕೀಯದ ಬಗ್ಗೆ ದೇಶವೇ ಜಗಳ ಆಡಿತು. ಇವತ್ತಿಗೂ ಆ ಹೆಸರು ಬಂದರೆ ಅದೇ ಚರ್ಚೆ. 43 ವರ್ಷದ ಸಂಸಾರ ಮುಗಿದು, ಅರವತ್ತು ದಾಟಿದ ಹೆಂಗಸೊಬ್ಬರು ಆ ಚಿಕ್ಕ ಮೊತ್ತಕ್ಕೆ ಏಳು ವರ್ಷ ಕಾದರು ಅನ್ನುವುದು ಯಾಕೆ ಯಾರ ಕಣ್ಣಿಗೂ ಬೀಳಲಿಲ್ಲ? ನನಗೆ ಆ ಪ್ರಕರಣದಲ್ಲಿ ಮೊದಲು ಕಾಣುವುದೇ ಅದು.

ಕಾಯುವ ವಿಷಯಕ್ಕೆ ಬಂದೆ, ಹೇಳಿಬಿಡುತ್ತೇನೆ. ಹಿಂದೂ ವಿವಾಹ ಕಾಯ್ದೆಯ 24ನೇ ಸೆಕ್ಷನ್‌ನಲ್ಲಿ ಮಧ್ಯಂತರ ಜೀವನಾಂಶದ, ಅಂದರೆ ಕೇಸ್ ಮುಗಿಯುವ ತನಕದ ಖರ್ಚಿನ, ಅರ್ಜಿಯನ್ನು ನೋಟಿಸ್ ತಲುಪಿದ 60 ದಿನದೊಳಗೆ ಮುಗಿಸಬೇಕು ಅಂತಿದೆ. ಹಳೆಯ ಕ್ರಿಮಿನಲ್ ಪ್ರೊಸೀಜರ್ ಕೋಡ್ ಬದಲಿಗೆ 2024ರ ಜುಲೈನಲ್ಲಿ ಜಾರಿಗೆ ಬಂದ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಸೆಕ್ಷನ್ ಕೂಡ ಅದನ್ನೇ ಹೇಳುತ್ತದೆ. ಎರಡರಲ್ಲೂ ಮುಂದೆ 'ಸಾಧ್ಯವಾದಷ್ಟು' ಅಂತ ಒಂದು ಪದ ಸೇರಿಸಿದ್ದಾರೆ. ನನಗೆ 26 ತಿಂಗಳು ಹಿಡಿಯಿತು. ಅಷ್ಟು ದಿನ ತಮ್ಮನ ಮನೆಯಲ್ಲಿದ್ದೆ. ನಾದಿನಿ ಒಂದು ಮಾತು ಆಡಲಿಲ್ಲ. ಆದರೂ ಸೋಪು ಕೊಳ್ಳುವುದಕ್ಕೆ ತಮ್ಮನ ಹತ್ತಿರ ಕೈಚಾಚುವುದು ಕಷ್ಟ, ಸಚಿವರೇ.

ಈಗ ಮುಖ್ಯ ಮಾತಿಗೆ ಬರುತ್ತೇನೆ. ಹಿಂದೂ ವಿವಾಹ ಕಾಯ್ದೆಯ 25ನೇ ಸೆಕ್ಷನ್ ಅನ್ನು ದಯವಿಟ್ಟು ಇನ್ನೊಮ್ಮೆ ಓದಿ. ಜೀವನಾಂಶ ಕೊಡಬೇಕಾದ ಅವಧಿ ಅರ್ಜಿದಾರರ ಆಯುಷ್ಯವನ್ನು ಮೀರಬಾರದು ಅಂತ ಅಲ್ಲಿದೆ. ಅರ್ಜಿದಾರರು ಅಂದರೆ ಕೇಳುವವರು. 1955ರಲ್ಲಿ ಇದನ್ನು ಬರೆದವರು ಅಳತೆಗೆ ಇಟ್ಟುಕೊಂಡದ್ದು ಕೇಳುವವರ ಆಯುಷ್ಯವನ್ನು. ಬೇಕಾದರೆ ಕೊಡುವವರ ಸ್ಥಿರಾಸ್ತಿಯ ಮೇಲೆ ಋಣಭಾರ ಹಾಕಬಹುದು ಅಂತಲೂ ಬರೆದಿಟ್ಟರು. ನಮ್ಮ ಜನ ಬೋಜಾ ಕೂರಿಸುವುದು ಅನ್ನುತ್ತಾರಲ್ಲ, ಅದೇ; ಜೀವನಾಂಶಕ್ಕೆ ಆ ಆಸ್ತಿಯೇ ಹೊಣೆ. ನನ್ನ ಆದೇಶದಲ್ಲಿ ಆ ಸಾಲು ಇಲ್ಲ. ನನ್ನ ವಕೀಲರು ಕೇಳಲಿಲ್ಲ, ಕೋರ್ಟ್ ತಾನಾಗಿ ಹಾಕಲಿಲ್ಲ. ನನಗಂತೂ ಗೊತ್ತೇ ಇರಲಿಲ್ಲ. ಹಾಗಾಗಿ ಕಾನೂನು ನನ್ನ ಆಯುಷ್ಯ ಅಂದರೂ, ಹಣ ಬರುತ್ತಿರುವುದು ಅವರ ಆಯುಷ್ಯದ ಮೇಲೆ. ನಾಳೆ ಅವರು ಇಲ್ಲದಿದ್ದರೆ ವಾರಸುದಾರರ ಮೇಲೆ ಹೊಸದಾಗಿ ಕೋರ್ಟಿಗೆ ಹೋಗಬೇಕು. ವಾರಸುದಾರರು ಅಂದರೆ ನನ್ನದೇ ಮಕ್ಕಳು.

ಪಿಂಚಣಿಯ ಕಥೆ ಕೇಳಿ. ಕೇಂದ್ರದ ಪಿಂಚಣಿ ನಿಯಮಗಳಲ್ಲಿ ನೌಕರರ ಅವಲಂಬಿತ ವಿಚ್ಛೇದಿತ ಮಗಳಿಗೆ ಕುಟುಂಬ ಪಿಂಚಣಿಗೆ ಅವಕಾಶ ಇದೆ. ತುಂಬಾ ಒಳ್ಳೆಯದು. ಆದರೆ ವಿಚ್ಛೇದಿತ ಹೆಂಡತಿಗೆ ಇಲ್ಲ. ಅವರು ಆ ಪಿಂಚಣಿ ಗಳಿಸಿದ ವರ್ಷಗಳಲ್ಲಿ ಬೆಳಗ್ಗೆ ಐದಕ್ಕೆ ಎದ್ದು ಅವರನ್ನು ಕಚೇರಿಗೆ ಕಳಿಸಿದವಳು ನಾನು. ನೌಕರಿಯಿಂದ ಸಿಗುತ್ತಿದ್ದ ಚಿಕಿತ್ಸಾ ಸೌಲಭ್ಯದಿಂದಲೂ ಡಿಕ್ರಿ ಆದ ಮೇಲೆ ನನ್ನ ಹೆಸರು ಹೋಯಿತು. ಬಿಪಿ, ಮಂಡಿನೋವು ಶುರುವಾದದ್ದು ಆ ಹೊತ್ತಿಗೇ.

2023ರಲ್ಲಿ ಅವರು ನಿವೃತ್ತರಾದರು. ಕೆಲವೇ ತಿಂಗಳಲ್ಲಿ, ಪರಿಸ್ಥಿತಿ ಬದಲಾಗಿದೆ, ಜೀವನಾಂಶ ಕಡಿಮೆ ಮಾಡಿ ಅಂತ ಅರ್ಜಿ ಹಾಕಿದರು. 25ನೇ ಸೆಕ್ಷನ್‌ನಲ್ಲಿ ಅದಕ್ಕೂ ಅವಕಾಶ ಇದೆ. ಅವರ ಆದಾಯ ಇಳಿದದ್ದು ನಿಜ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಗ್ರಾಚ್ಯುಟಿ, ಭವಿಷ್ಯ ನಿಧಿ ಅಂತ ಒಟ್ಟಿಗೆ ಬಂದ ಹಣ ಆ ಅರ್ಜಿಯಲ್ಲಿ ಎಲ್ಲೂ ಕಾಣಲಿಲ್ಲ. ಅತ್ತ ನನ್ನ ಔಷಧಿ ಖರ್ಚು ಏರಿದರೆ ಜಾಸ್ತಿ ಕೇಳುವುದಕ್ಕೆ ಮತ್ತೆ ನಾನೇ ಅರ್ಜಿ ಹಾಕಬೇಕು, ಮತ್ತೆ ವಕೀಲರ ಫೀಸು, ಮತ್ತೆ ವಾಯಿದೆ.

ಇವೆಲ್ಲ ಸರಿ ಮಾಡಲಾಗದ ವಿಷಯಗಳೇನೂ ಅಲ್ಲ. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಒಂದು ಪ್ರಕರಣದಲ್ಲಿ ತಿಂಗಳಿಗೆ 50,000 ರೂಪಾಯಿ ಕೊಡಿಸಿ, ಎರಡು ವರ್ಷಕ್ಕೊಮ್ಮೆ ಶೇ. 5ರಷ್ಟು ತಾನಾಗಿ ಏರಬೇಕು ಎಂದಿತು. ನನಗೆ ಅಷ್ಟು ಮೊತ್ತ ಬೇಡ. ಆ ಏರಿಕೆಯ ಸಾಲನ್ನು ಕಾಯ್ದೆಯಲ್ಲೇ ಬರೆಯಿರಿ. 20 ವರ್ಷ ದಾಟಿದ ಸಂಸಾರ ಮುರಿದರೆ, ಕೇಳುವವರಿಗೆ 50 ಆಗಿದ್ದರೆ, ಆಸ್ತಿಯ ಮೇಲೆ ಋಣಭಾರ ಕಡ್ಡಾಯ ಮಾಡಿ. ಆಸ್ತಿ ಇಲ್ಲದಿದ್ದರೆ ನಿವೃತ್ತಿಯ ಹಣದಲ್ಲಿ ಒಂದು ಭಾಗ ಠೇವಣಿ ಇಡಿಸಿ. ಪಿಂಚಣಿಯಲ್ಲಿ ಜೀವನಾಂಶದ ಪಾಲು ನೇರವಾಗಿ ನಮ್ಮ ಖಾತೆಗೆ ಬರಲಿ. ತಿಂಗಳ ಮೊದಲ ವಾರ ಪಾಸ್‌ಬುಕ್ ಯಂತ್ರದ ಮುಂದೆ ನಿಂತು, ಆ ಸಾಲು ಅಚ್ಚಾಗುತ್ತಾ ಇಲ್ಲವಾ ಅಂತ ಎದೆ ಹೊಡೆದುಕೊಳ್ಳುವುದು ತಪ್ಪಲಿ. ವಿಚ್ಛೇದನದ ವೇಳೆ ಗಂಡನ ಆಸ್ತಿಯಲ್ಲಿ ಹೆಂಡತಿಗೆ ಪಾಲು ಕೊಡುವ ಮಸೂದೆಗೆ 2013ರಲ್ಲಿ ರಾಜ್ಯಸಭೆ ಒಪ್ಪಿಗೆ ಕೊಟ್ಟಿತ್ತು. ಲೋಕಸಭೆಯಲ್ಲಿ ಅದು ಹಾಗೇ ಸತ್ತುಹೋಯಿತು. ಅದನ್ನೂ ಒಮ್ಮೆ ತೆಗೆದು ನೋಡಿ.

ಗಂಡಸರೂ ಈ ಕಾಯ್ದೆಯಲ್ಲಿ ಜೀವನಾಂಶ ಕೇಳಬಹುದು. ದುಡಿಮೆ ನಿಂತ, ಕಾಯಿಲೆ ಬಿದ್ದ ಗಂಡಸರಿಗೂ ಇವೇ ನಿಯಮ ಇರಲಿ.

ಹಿರಿಯ ನಾಗರಿಕರಿಗೆ ಅಂತ 2007ರ ಕಾಯ್ದೆ ಇದೆಯಲ್ಲ, ಅದರಲ್ಲಿ ಕೇಳಿ ಅನ್ನುತ್ತಾರೆ ಕೆಲವರು. ಅಲ್ಲಿ ನಾನು ಮಕ್ಕಳ ಮೇಲೆ ಅರ್ಜಿ ಹಾಕಬೇಕು. ಅವರು ಮಾಡಿದ ತಪ್ಪಾದರೂ ಏನು?

ನನ್ನ ಮುಂದಿನ ವಾಯಿದೆ ಬರುವ ತಿಂಗಳು. ಹೋದ ಸಲ ಕೋರ್ಟಿನ ಲಿಫ್ಟ್ ಕೆಟ್ಟಿತ್ತು. ಅವರು ಎದೆ ಹಿಡಿದುಕೊಂಡು ಹತ್ತುತ್ತಿದ್ದರು, ನಾನು ಮಂಡಿ ಹಿಡಿದುಕೊಂಡು. ಎರಡನೇ ಮಹಡಿಯ ತಿರುವಿನಲ್ಲಿ ಇಬ್ಬರೂ ನಿಂತು ಉಸಿರು ತಗೊಂಡೆವು. "ಮಾತ್ರೆ ತಗೊಂಡ್ರಾ?" ಅಂತ ಕೇಳಿದೆ. ಹೂಂ ಅಂತ ತಲೆ ಆಡಿಸಿದರು. ಆಮೇಲೆ ಒಳಗೆ ಹೋಗಿ ಎದುರುಬದುರು ಕೂತೆವು.

ಇಂತಿ,
34 ವರ್ಷ ಸಂಸಾರ ಮಾಡಿದ ಒಬ್ಬ ಹೆಣ್ಣುಮಗಳು